ಕಿವಿಯೊ, ನರವೊ, ಮಿದುಳೊ?
ಹಾಸಿಗೆಯ ಬಳಿಯ ಪರೀಕ್ಷೆಗಳ ಕಥೆ

ನಡುಮನೆಯಲ್ಲಿ ರೇಡಿಯೊ ನುಡಿಯುತ್ತಿದೆ. “ಇನ್ನೂ ಸ್ವಲ್ಪ ಜೋರಾಗಿ ಹಾಕು” ಎನ್ನುತ್ತಾರೆ ಅಜ್ಜ. ಮೊಮ್ಮಗ ಗುಂಡಿ ತಿರುಗಿಸುತ್ತಾನೆ. “ಈಗ ಕಿವಿಗೆ ಬಡಿಯುತ್ತದೆ, ಆದರೆ ಮಾತು ಮಾತ್ರ ತಿಳಿಯುವುದಿಲ್ಲ” ಎಂದು ಅಜ್ಜ ಗೊಣಗುತ್ತಾರೆ. ಮನೆಯವರು ನಗುತ್ತಾರೆ. ಕೆಲವರು, ತಮಗೆ ಬೇಕಾದ್ದು ಮಾತ್ರ ಇವರಿಗೆ ಕೇಳಿಸುತ್ತದೆ ಎಂದು ಹಾಸ್ಯವನ್ನೂ ಮಾಡುತ್ತಾರೆ. ಅದೇ ಮನೆಯ ಅಜ್ಜಿ ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ತೊಲೆ ಜಂತೆಗಳೆಲ್ಲ ಗಿರ್ರನೆ ತಿರುಗಿದಂತಾಗಿ ಕೂಗಿಕೊಳ್ಳುತ್ತಾರೆ. ಅರೆನಿಮಿಷದಲ್ಲಿ ಎಲ್ಲವೂ ನಿಲ್ಲುತ್ತದೆ. “ಪಿತ್ತ ನೆತ್ತಿಗೇರಿದೆ” ಎನ್ನುತ್ತಾರೆ ಒಬ್ಬರು. “ರಕ್ತದ ಒತ್ತಡ” ಎನ್ನುತ್ತಾರೆ ಇನ್ನೊಬ್ಬರು. “ಮನಸ್ಸಿನ ಭ್ರಮೆ” ಎಂದುಬಿಡುವವರೂ ಉಂಟು.

ವಾಚಕರೇ, ಇಂಥ ಅಜ್ಜ ಅಜ್ಜಿಯರು ನಿಮ್ಮ ಮನೆಯಲ್ಲಿಯೂ ಇರಬಹುದು. ಅವರು ಹೇಳಿದ ಆ ಒಂದೆರಡು ಮಾತುಗಳಲ್ಲಿ ರೋಗದ ಗುಟ್ಟು ಅರ್ಧಕ್ಕರ್ಧ ಅಡಗಿದೆ. ಉಳಿದರ್ಧವನ್ನು ಹೊರಗೆಳೆಯಲು ವೈದ್ಯನಿಗೆ ಬೇಕಾದದ್ದು ಒಂದು ಉಕ್ಕಿನ ಕವೆ, ಒಂದು ಪುಟ್ಟ ಸುತ್ತಿಗೆ, ಬೀಗದ ಕೈಯಂಥ ಒಂದು ಮೊಂಡು ವಸ್ತು, ಮತ್ತು ತಾಳ್ಮೆಯುಳ್ಳ ಎರಡು ಕಣ್ಣು. ಈ ಸರಳ ಸಾಧನಗಳು ವೈದ್ಯನ ಜೇಬನ್ನು ಸೇರಿದ ಕಥೆ ಬಹು ಸೊಗಸಾದದ್ದು. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಪಾದುವಾ ನಗರದ ವೈದ್ಯ ಕಪಿವಾಚ್ಚಿ ಎಂಬಾತ ಕಿವುಡರ ಮುಂದೆಯೇ ಕಿನ್ನರಿ ಬಾರಿಸಿದ. ಆದರೆ ಬಹು ಜಾಣತನದಿಂದ. ಆ ಕಾಲದಲ್ಲಿ ಜಿರೊಲಾಮೊ ಕಾರ್ದಾನೊ ಎಂಬ ವಿದ್ವಾಂಸ, ಹಲ್ಲಿನ ನಡುವೆ ಕಚ್ಚಿಹಿಡಿದ ಕೋಲಿನ ಮೂಲಕವೂ ಶಬ್ದ ಕೇಳಿಸುತ್ತದೆಂದು ೧೫೫೦ರಲ್ಲಿ ಬರೆದಿದ್ದ. ಕಪಿವಾಚ್ಚಿ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರೋಗಿಯ ಹಲ್ಲಿಗೆ ಕೊಟ್ಟು, ಇನ್ನೊಂದು ತುದಿಯನ್ನು ತಂತಿವಾದ್ಯಕ್ಕೆ ತಾಗಿಸಿ ತಂತಿ ಮೀಟುತ್ತಿದ್ದ. ಸಲಾಕೆಯ ಮೂಲಕ ನಾದ ಕೇಳಿದರೆ ರೋಗ ಕಿವಿಯ ತಮಟೆಯಲ್ಲಿದೆ. ಹಾಗೂ ಕೇಳದಿದ್ದರೆ ರೋಗ ನರದಲ್ಲಿದೆ. ಎಷ್ಟು ಸರಳ! ಕಿವುಡು ಎಂಬುದು ಒಂದೇ ಅಲ್ಲ, ಎರಡು ಬಗೆ ಎಂಬ ದೊಡ್ಡ ಮಾತು ಈ ಸಣ್ಣ ಪ್ರಯೋಗದಲ್ಲಿದೆ.

ಆದರೆ ರೋಗಿಯ ಮನೆಗೆ ವೀಣೆ ಹೊತ್ತು ಹೋಗುವ ವೈದ್ಯನುಂಟೆ? ಕೈಗೆ ಸುಲಭವಾದ ವಾದ್ಯವೊಂದು ಬೇಕಾಗಿತ್ತು. ಅದು ಒದಗಿದ್ದು ವೈದ್ಯರಿಂದಲ್ಲ, ಸಂಗೀತಗಾರನಿಂದ. ಇಂಗ್ಲೆಂಡಿನ ಅರಮನೆಯ ಕಹಳೆಗಾರ ಜಾನ್ ಶೋರ್ ಎಂಬಾತ ೧೭೧೧ರಲ್ಲಿ ಶ್ರುತಿ ಹಿಡಿಯುವುದಕ್ಕೆಂದು ಎರಡು ಕವಲಿನ ಉಕ್ಕಿನ ಕವೆಯನ್ನು ಮಾಡಿದ. ತಂಬೂರಿಯ ತಂತಿ ಹವೆಗೆ ತಕ್ಕಂತೆ ಸಡಿಲಗೊಳ್ಳುತ್ತದೆ; ಈ ಕವೆಯಾದರೋ ತಟ್ಟಿದಾಗಲೆಲ್ಲ ಅದೇ ಒಂದು ಸ್ವರವನ್ನು ಕೊಡುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಶ್ರುತಿಕವೆ ಗಾಯಕರ ಬಳಿಯಲ್ಲಿಯೇ ಇತ್ತು.

೧೮೩೪ರಲ್ಲಿ ಲೈಪ್ಸಿಗ್ ನಗರದ ಅರ್ನ್ಸ್ಟ್ ಹೈನ್ರಿಖ್ ವೇಬರ್ ಎಂಬ ಶರೀರಶಾಸ್ತ್ರಜ್ಞ ಒಂದು ವಿಚಿತ್ರವನ್ನು ವರ್ಣಿಸಿದ. ನುಡಿಯುವ ಕವೆಯ ಹಿಡಿಯನ್ನು ತಲೆಯ ನಟ್ಟನಡುವೆ ಊರಿ, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡರೆ, ನಾದ ಮುಚ್ಚಿದ ಕಿವಿಯಲ್ಲಿಯೇ ಜೋರಾಗಿ ಕೇಳುತ್ತದೆ! ಇಂಗ್ಲೆಂಡಿನ ವೀಟ್‌ಸ್ಟನ್ ೧೮೨೭ರಲ್ಲಿಯೇ ಇದನ್ನು ಕಂಡಿದ್ದ. ನೀವೂ ಕಿವಿಗೆ ಬೆರಳಿಟ್ಟುಕೊಂಡು ‘ಮ್’ ಎಂದು ಗುನುಗಿ ನೋಡಿ. ಮಾತು ನಿಜವೆಂದು ಕೂಡಲೇ ತಿಳಿಯುತ್ತದೆ. ವೇಬರನಿಗೆ ಇದರಿಂದ ರೋಗ ಕಂಡುಹಿಡಿಯುವ ಉದ್ದೇಶವಿರಲಿಲ್ಲ. ಅದರ ಉಪಯೋಗವನ್ನು ೧೮೪೦ರ ದಶಕದಲ್ಲಿ ಬಿಡಿಸಿ ಹೇಳಿದವನು ಡ್ರೆಸ್ಡೆನ್ನಿನ ಕಿವಿವೈದ್ಯ ಶ್ಮಾಲ್ಟ್ಸ್. ಗುಗ್ಗೆ ತುಂಬಿದ ಕಿವಿ, ತಮಟೆ ಹರಿದ ಕಿವಿ, ಒಳಗಿನ ಪುಟ್ಟ ಮೂಳೆಗಳು ಬಿಗಿದುಕೊಂಡ ಕಿವಿ—ಇವು ಬೆರಳಿಟ್ಟು ಮುಚ್ಚಿದ ಕಿವಿಯಂತೆಯೇ. ನಾದ ಅಲ್ಲಿಗೇ ವಾಲುತ್ತದೆ. ನರ ಕುಂದಿದ ಕಿವಿಯಾದರೆ ನಾದ ಒಳ್ಳೆಯ ಕಿವಿಯ ಕಡೆಗೆ ಸರಿಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ಕೊಟ್ಟವನು ಗಟ್ಟಿಂಗೆನ್ನಿನ ಹೈನ್ರಿಖ್ ಅಡಾಲ್ಫ್ ರಿನ್ನೆ. ಆತ ೧೮೫೫ರಲ್ಲಿ ಬರೆದದ್ದು ಇದು: ಕವೆಯನ್ನು ಮೊದಲು ಮೂಳೆಗೆ ಊರಬೇಕು. ನಾದ ಅಡಗಿತೆಂದು ರೋಗಿ ಹೇಳಿದೊಡನೆ ಅದನ್ನು ಕಿವಿಯ ಮುಂದೆ ಹಿಡಿಯಬೇಕು. ಸರಿಯಾದ ಕಿವಿಗೆ ಅಡಗಿದ ನಾದ ಮತ್ತೆ ಕೇಳುತ್ತದೆ, ಏಕೆಂದರೆ ಗಾಳಿಯ ಹಾದಿ ಮೂಳೆಯ ಹಾದಿಗಿಂತ ಉತ್ತಮ. ಮತ್ತೆ ಕೇಳದಿದ್ದರೆ ಹೊರಗಿನ ಹಾದಿಯಲ್ಲಿ ಎಲ್ಲೋ ಅಡಚಣೆಯಿದೆ. ಇಂದು ವೈದ್ಯರು ಕವೆಯನ್ನು ಊರುವುದು ಕಿವಿಯ ಹಿಂದಿನ ಉಬ್ಬುಮೂಳೆಗೆ. ರಿನ್ನೆಯ ಮಾತನ್ನು ಆ ಕಾಲದಲ್ಲಿ ಹೆಚ್ಚು ಜನ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಆತ ೧೮೬೮ರಲ್ಲಿ ತೀರಿಕೊಂಡ. ಪರೀಕ್ಷೆ ಬಳಕೆಗೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಇಂದು ಈತನ ಹೆಸರು ಕೇಳದ ವೈದ್ಯ ವಿದ್ಯಾರ್ಥಿ ಇಲ್ಲ.

ಈಗ ನಮ್ಮ ಅಜ್ಜನ ಮಾತಿಗೆ ಹಿಂತಿರುಗೋಣ. ಹಾದಿಯಲ್ಲಿ ಅಡಚಣೆಯಿದ್ದವರಿಗೆ ರೇಡಿಯೊ ಜೋರು ಮಾಡಿದರೆ ಸಾಕು, ಮಾತು ಸ್ಪಷ್ಟವಾಗುತ್ತದೆ. ಒಳಗಿವಿಯೋ ನರವೋ ಕುಂದಿದವರಿಗೆ ಜೋರು ಮಾಡಿದರೆ ಸದ್ದು ಬಡಿಯುತ್ತದೆಯೇ ಹೊರತು ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. “ಕಿವಿಗೆ ಬಡಿಯುತ್ತದೆ, ಮಾತು ತಿಳಿಯುವುದಿಲ್ಲ” ಎಂದು ಅಜ್ಜ ಹೇಳಿದ್ದು ಕೊಂಕಲ್ಲ. ರೋಗದ ಲಕ್ಷಣವನ್ನೇ ಆತ ಅಚ್ಚುಕಟ್ಟಾಗಿ ವರ್ಣಿಸಿದ್ದು. ಅಂಥವರ ಮುಂದೆ ಕಿರುಚುವುದಕ್ಕಿಂತ ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡುವುದು ಮೇಲು.

ಕೇಳುವ ವಿಷಯ ಹೀಗಾಯಿತು. ಇನ್ನು ನಿಲ್ಲುವ ವಿಷಯ. ನಾವು ಎರಡು ಕಾಲಿನ ಮೇಲೆ ನಿಲ್ಲುವುದು ಸಹಜವೆಂದು ತೋರಿದರೂ ಅದರ ಹಿಂದೆ ಮೂರು ಆಧಾರಗಳಿವೆ. ಕಣ್ಣು ಒಂದು, ಒಳಗಿವಿ ಒಂದು, ಅಂಗಾಲು ಕೀಲುಗಳಿಂದ ಬೆನ್ನುಹುರಿಯ ಮೂಲಕ ಮೇಲೇರುವ ಸುದ್ದಿ ಒಂದು. ಒಲೆಯ ಮೂರು ಗುಂಡುಗಳಿದ್ದಂತೆ. ಒಂದು ಸಡಿಲವಾದರೆ ಉಳಿದೆರಡು ಹೇಗೋ ಪಾತ್ರೆಯನ್ನು ಹಿಡಿದಿರುತ್ತವೆ. ಎರಡನೆಯದನ್ನೂ ಎಳೆದರೆ ಪಾತ್ರೆ ಉರುಳುತ್ತದೆ.

ಬರ್ಲಿನ್ನಿನ ಮೋರಿಟ್ಸ್ ಹೈನ್ರಿಖ್ ರೋಂಬರ್ಗ್ ೧೮೪೦ರಿಂದ ೧೮೪೬ರವರೆಗೆ ನರರೋಗಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನು ಹೊರತಂದ. ಬೆನ್ನುಹುರಿ ಸವೆಯುವ ರೋಗವೊಂದರ ರೋಗಿಗಳು ಹಗಲು ಹೇಗೋ ನಡೆಯುತ್ತಾರೆ, ಕತ್ತಲಾದರೆ ತತ್ತರಿಸುತ್ತಾರೆ ಎಂಬುದನ್ನು ಆತ ಅದರಲ್ಲಿ ಗುರುತಿಸಿದ. ಕಾಲುಗಳನ್ನು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರೆ ಅವರು ಕೂಡಲೇ ಓಲಾಡತೊಡಗುತ್ತಾರೆ. ಮುಖಕ್ಕೆ ನೀರೆರಚಿಕೊಳ್ಳುವಾಗ ಬಿದ್ದೆ ಎಂದು ಇಂಥ ರೋಗಿ ಹೇಳುವುದುಂಟು. ಕಣ್ಣು ಮುಚ್ಚಿದ ಆ ಒಂದು ಕ್ಷಣದಲ್ಲಿ ಎರಡನೆಯ ಗುಂಡನ್ನು ಆತ ತಾನೇ ಎಳೆದುಕೊಂಡಿರುತ್ತಾನೆ. ಆ ರೋಗ ಸಿಫಿಲಿಸಿನ ಫಲವೆಂಬುದು ಅನಂತರ ತಿಳಿಯಿತು; ಪೆನಿಸಿಲಿನ್ ಬಂದ ಮೇಲೆ ಅದು ಬಹಳ ಅಪರೂಪವಾಯಿತು. ರೋಂಬರ್ಗನ ಪರೀಕ್ಷೆ ಮಾತ್ರ ಉಳಿಯಿತು. ಬಹುಕಾಲದ ಸಕ್ಕರೆಕಾಯಿಲೆಯಿಂದ ಅಂಗಾಲಿನ ಅರಿವು ಕುಂದಿದವರಲ್ಲಿಯೂ ವೈದ್ಯರು ಇಂದು ಅದನ್ನೇ ಮಾಡಿ ನೋಡುತ್ತಾರೆ. ಜೊತೆಗೆ ನಮ್ಮ ಶ್ರುತಿಕವೆಯನ್ನೂ ತರುತ್ತಾರೆ. ಕಿವಿಗೆ ಬಳಸುವ ಕವೆ ಸೆಕೆಂಡಿಗೆ ೫೧೨ ಸಲ ಕಂಪಿಸುವಂಥದು. ಕಾಲ್ಬೆರಳಿನ ಗೆಣ್ಣಿಗೆ ಇಡುವುದು ೧೨೮ ಸಲ ಕಂಪಿಸುವ ದೊಡ್ಡ ಕವೆ. ಅದರ ನಡುಕ ಕಾಲಿಗೆ ತಿಳಿಯದಿದ್ದರೆ ನರ ಸವೆಯುತ್ತಿದೆಯೆಂದು ಅರ್ಥ.

ಒಳಗಿವಿಗೂ ನಿಲುವಿಗೂ ಸಂಬಂಧವಿದೆಯೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ೧೮೨೦ರ ದಶಕದಲ್ಲಿ ಪ್ಯಾರಿಸ್ಸಿನ ಫ್ಲೂರಾನ್ಸ್ ಪಾರಿವಾಳಗಳ ಒಳಗಿವಿಯ ಅರ್ಧವೃತ್ತ ನಾಳಗಳನ್ನು ಕತ್ತರಿಸಿ ನೋಡಿದ. ಹಕ್ಕಿಗಳು ಕಿವುಡಾಗಲಿಲ್ಲ, ಕತ್ತರಿಸಿದ ನಾಳದ ದಿಕ್ಕಿನಲ್ಲಿ ತಲೆ ತೂಗತೊಡಗಿದವು. ಆದರೆ ಆ ಮಾತು ರೋಗಿಗಳ ಹಾಸಿಗೆಯವರೆಗೆ ಬರಲಿಲ್ಲ. ತಲೆತಿರುಗಿ ಬಿದ್ದವರಿಗೆ ಮಿದುಳಿನಲ್ಲಿ ರಕ್ತ ಉಕ್ಕಿದೆಯೆಂದು ತೀರ್ಮಾನಿಸಿ ವೈದ್ಯರು ಜಿಗಣೆ ಹಚ್ಚುತ್ತಿದ್ದರು, ರಕ್ತ ತೆಗೆಯುತ್ತಿದ್ದರು. ಮೊದಲೇ ನಿಲ್ಲಲಾರದವರು ಇನ್ನಷ್ಟು ಬಳಲಿ ಬೆಂಡಾಗುತ್ತಿದ್ದರು.

ಈ ಅನ್ಯಾಯದ ವಿರುದ್ಧ ದನಿಯೆತ್ತಿದವನು ಪ್ಯಾರಿಸ್ಸಿನ ಕಿವುಡ-ಮೂಗರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್. ೧೮೬೧ರ ಜನವರಿಯಲ್ಲಿ ಆತ ವೈದ್ಯ ಅಕಾಡೆಮಿಯ ಮುಂದೆ ಪ್ರಬಂಧ ಓದಿದ. ಅವನ ರೋಗಿಗಳಿಗೆ ತಲೆತಿರುಗು, ವಾಂತಿ, ಕಿವಿಯಲ್ಲಿ ಮೊರೆತ, ಕ್ರಮೇಣ ಕಿವುಡು—ಎಲ್ಲವೂ ಒಟ್ಟಿಗೆ ಬರುತ್ತಿದ್ದವು. ಆದರೆ ಒಬ್ಬರಿಗೂ ಕೈಕಾಲು ಬಿದ್ದಿರಲಿಲ್ಲ, ಬುದ್ಧಿ ಕೆಟ್ಟಿರಲಿಲ್ಲ. ಹಾಗಾದರೆ ರೋಗ ಮಿದುಳಿನಲ್ಲಿದೆ ಎನ್ನುವುದೇಕೆ? ಕಿವಿಯ ಲಕ್ಷಣಗಳು ಜೊತೆಯಲ್ಲಿಯೇ ಇರುವಾಗ ಒಳಗಿವಿಯನ್ನೇ ಏಕೆ ಶಂಕಿಸಬಾರದು? ಆತ ಕೇಳಿದ ಪ್ರಶ್ನೆ ಇಷ್ಟೆ. ಹಿರಿಯರು ಬೇಗ ಒಪ್ಪಲಿಲ್ಲ. ಮರು ವರ್ಷದ ಫೆಬ್ರವರಿಯಲ್ಲಿಯೇ ಮೆನಿಯೇರ್ ತೀರಿಕೊಂಡ. ತನ್ನ ಹೆಸರು ಒಂದು ರೋಗಕ್ಕೆ ಅಂಟಿಕೊಂಡದ್ದನ್ನು ನೋಡಲು ಆತ ಉಳಿದಿರಲಿಲ್ಲ.

ಮುಂದಿನ ಹೆಜ್ಜೆ ವಿಯೆನ್ನಾ ನಗರದ್ದು. ಅಲ್ಲಿ ರಾಬರ್ಟ್ ಬಾರಾನಿ ಎಂಬ ತರುಣ ವೈದ್ಯ ರೋಗಿಗಳ ಕಿವಿಯನ್ನು ಪಿಚಕಾರಿಯಿಂದ ತೊಳೆಯುತ್ತಿದ್ದ. ತೊಳೆದಾಗ ಎಷ್ಟೋ ಜನರಿಗೆ ತಲೆ ತಿರುಗುತ್ತಿತ್ತು. ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಕುಣಿಯುತ್ತಿದ್ದವು. ಒಬ್ಬ ರೋಗಿ ಹೇಳಿದ: ನೀರು ಸಾಕಷ್ಟು ಬೆಚ್ಚಗಿಲ್ಲದಿದ್ದರೆ ಮಾತ್ರ ತನಗೆ ಹೀಗಾಗುತ್ತದೆ ಎಂದು. ಬೇರೊಬ್ಬ ವೈದ್ಯನಾಗಿದ್ದರೆ ನೀರು ಬಿಸಿಮಾಡಲು ಹೇಳಿ ಸುಮ್ಮನಾಗುತ್ತಿದ್ದ. ಬಾರಾನಿ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಇನ್ನೊಮ್ಮೆ ನೀರು ಅತಿ ಬಿಸಿಯಾಗಿತ್ತು. ಆಗಲೂ ತಲೆ ತಿರುಗಿತು, ಆದರೆ ಕಣ್ಣು ಕುಣಿದದ್ದು ಎದುರು ದಿಕ್ಕಿಗೆ! ಆತನಿಗೆ ಸ್ನಾನದ ನೀರು ಕಾಯಿಸುವ ಪಾತ್ರೆ ನೆನಪಾಯಿತು. ನಮ್ಮ ಬಚ್ಚಲ ಹಂಡೆಯನ್ನೇ ನೆನೆದುಕೊಳ್ಳಿ. ಕಾದ ನೀರು ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಒಳಗಿವಿಯ ನಾಳದಲ್ಲಿರುವ ದ್ರವವೂ ಹಾಗೆಯೇ ಚಲಿಸಿ, ತಲೆ ತಿರುಗುತ್ತಿದೆಯೆಂದು ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತದೆ. ತಣ್ಣೀರು ಬಿಟ್ಟರೂ ಕಣ್ಣು ಕುಣಿಯದಿದ್ದರೆ ಆ ಕಡೆಯ ಒಳಗಿವಿ ಸತ್ತಿದೆಯೆಂದು ಅರ್ಥ. ಹೀಗೆ ತಲೆಬುರುಡೆಯ ಆಳದಲ್ಲಿ ಅಡಗಿರುವ ಅಂಗವನ್ನು ಒಂದೊಂದು ಬದಿಗೂ ಬೇರೆ ಬೇರೆಯಾಗಿ ಪರೀಕ್ಷಿಸುವ ದಾರಿ ತೆರೆಯಿತು. ಇದನ್ನು ಆತ ೧೯೦೬ರಲ್ಲಿ ಪ್ರಕಟಿಸಿದ.

ಮೊದಲನೆಯ ಮಹಾಯುದ್ಧದಲ್ಲಿ ಬಾರಾನಿ ಸೈನ್ಯದ ವೈದ್ಯನಾಗಿ ಹೋಗಿ ಪ್ರ್ಜೆಮಿಶ್ಲ್ ಕೋಟೆ ಬಿದ್ದಾಗ ರಷ್ಯನ್ನರ ಕೈಗೆ ಸೆರೆ ಸಿಕ್ಕ. ಮಧ್ಯ ಏಷ್ಯದ ಮೆರ್ವ್ ಎಂಬಲ್ಲಿಯ ಸೆರೆಶಿಬಿರದಲ್ಲಿದ್ದಾಗಲೇ, ೧೯೧೪ರ ನೊಬೆಲ್ ಪಾರಿತೋಷಕ ತನಗೆ ಬಂದಿದೆಯೆಂಬ ಸುದ್ದಿ ಅವನನ್ನು ಮುಟ್ಟಿತು. ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸಿನ ಪರವಾಗಿ ಮಧ್ಯೆ ಪ್ರವೇಶಿಸಿದ ಮೇಲೆ ೧೯೧೬ರಲ್ಲಿ ಬಿಡುಗಡೆಯಾಯಿತು. ಆತ ಕೊನೆಯ ವರ್ಷಗಳನ್ನು ಸ್ವೀಡನ್ನಿನ ಉಪ್ಸಾಲದಲ್ಲಿ ಕಳೆದು ೧೯೩೬ರಲ್ಲಿ ತೀರಿಕೊಂಡ. ಕಥೆಗೆ ಒಂದು ಬಾಲವೂ ಉಂಟು. ೧೯೮೩ರಲ್ಲಿ ಬಾಹ್ಯಾಕಾಶದ ಸ್ಪೇಸ್‌ಲ್ಯಾಬಿನಲ್ಲಿ, ಭಾರವೇ ಇಲ್ಲದ ಕಡೆ, ಇದೇ ಪರೀಕ್ಷೆ ಮಾಡಿದರು. ಭಾರವಿಲ್ಲದೆಡೆ ಬಿಸಿ ಮೇಲೇರದು, ತಂಪು ಕೆಳಗಿಳಿಯದು. ಆದರೂ ಕಣ್ಣು ಕುಣಿದವು! ಬಾರಾನಿಯ ಹಂಡೆಯ ವಿವರಣೆ ಸುಳ್ಳಲ್ಲ, ಆದರೆ ಅದೊಂದೇ ಸಾಲದು ಎಂದಾಯಿತು.

ಇನ್ನು ನರರೋಗಗಳ ಕಡೆಗೆ ಒಂದು ನೋಟ. ಮಂಡಿಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಪುಟಿಯುವುದನ್ನು ಮಕ್ಕಳೂ ಆಟಕ್ಕೆ ಮಾಡಿ ನೋಡುವುದುಂಟು. ಅದರ ಬೆಲೆಯನ್ನು ೧೮೭೫ರಲ್ಲಿ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ಇಬ್ಬರು ಜರ್ಮನ್ ವೈದ್ಯರು ಬೇರೆ ಬೇರೆಯಾಗಿ, ಒಂದೇ ಪತ್ರಿಕೆಯಲ್ಲಿ ಸಾರಿದರು. ಮೊದಮೊದಲು ಅಂಗೈಯ ಅಂಚಿನಿಂದ ತಟ್ಟುತ್ತಿದ್ದರು. ಅದಕ್ಕೆಂದೇ ರಬ್ಬರಿನ ತ್ರಿಕೋನ ಸುತ್ತಿಗೆಯನ್ನು ೧೮೮೮ರಲ್ಲಿ ಫಿಲಡೆಲ್ಫಿಯದ ಟೇಲರ್ ಮಾಡಿಸಿದ. ೧೮೯೬ರಲ್ಲಿ ಪ್ಯಾರಿಸ್ಸಿನ ಜೋಸೆಫ್ ಬಾಬಿನ್ಸ್ಕಿ ಇನ್ನೂ ಸರಳವಾದುದೊಂದನ್ನು ಒಂದೇ ಪುಟದೊಳಗೆ ಹೇಳಿ ಮುಗಿಸಿದ. ಅಂಗಾಲಿನ ಅಂಚನ್ನು ಮೊಂಡು ವಸ್ತುವಿನಿಂದ ಗೀರಿದರೆ ಆರೋಗ್ಯವಂತರ ಹೆಬ್ಬೆರಳು ಕೆಳಗೆ ಮಡಿಯುತ್ತದೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಹಾದಿ ಕೆಟ್ಟಿದ್ದರೆ ಹೆಬ್ಬೆರಳು ಮೇಲಕ್ಕೇಳುತ್ತದೆ. ನಡೆಯಲು ಕಲಿಯದ ಹಸುಗೂಸಿನಲ್ಲಿಯೂ ಅದು ಮೇಲಕ್ಕೇಳುವುದುಂಟು, ಏಕೆಂದರೆ ಆ ಹಾದಿ ಇನ್ನೂ ಬಲಿತಿರುವುದಿಲ್ಲ. ಕಾಲು ಬಿದ್ದಿದೆಯೆಂದು ಬಂದ ಹೆಣ್ಣುಮಕ್ಕಳನ್ನು ಅದು ಬರಿಯ ಉನ್ಮಾದವೆಂದು ತಳ್ಳಿಹಾಕುತ್ತಿದ್ದ ಕಾಲ ಅದು. ಹೆಬ್ಬೆರಳಾದರೋ ನಟಿಸಲಾರದು. ಮೇಲಕ್ಕೆದ್ದ ಒಂದು ಹೆಬ್ಬೆರಳು ಎಷ್ಟೋ ಜನರ ಮೇಲಿದ್ದ ಅಪನಂಬಿಕೆಯನ್ನು ಅಳಿಸಿತು.

ಈಗ ಅಜ್ಜಿಯ ಸರದಿ. ಮಗ್ಗುಲು ಬದಲಿಸಿದಾಗ ಬಂದು ಅರೆನಿಮಿಷದಲ್ಲಿ ಹೋಗುವ ಆ ತಿರುಗನ್ನು ಬಾರಾನಿಯೇ ೧೯೨೧ರಲ್ಲಿ ವರ್ಣಿಸಿದ್ದ. ಅದಕ್ಕೆ ಖಚಿತವಾದ ಪರೀಕ್ಷೆಯನ್ನು ೧೯೫೨ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಕೊಟ್ಟರು. ಡಿಕ್ಸ್ ಶಸ್ತ್ರವೈದ್ಯೆಯಾಗಬೇಕೆಂದಿದ್ದವರು, ಯುದ್ಧಕಾಲದ ವಿಮಾನದಾಳಿಯಲ್ಲಿ ಮುಖಕ್ಕೂ ಕಣ್ಣಿಗೂ ಗಾಯವಾಗಿ ಆ ಆಸೆಯನ್ನು ಬಿಡಬೇಕಾಯಿತು. ಅವರ ಪರೀಕ್ಷೆಯಲ್ಲಿ ರೋಗಿಯ ತಲೆಯನ್ನು ಒಂದು ಬದಿಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣನ್ನು ನೋಡುತ್ತಾರೆ. ಒಳಗಿವಿಯ ಸುಣ್ಣದ ಹರಳುಗಳು ಸ್ಥಾನ ತಪ್ಪಿ ನಾಳದೊಳಗೆ ಉರುಳಿದ್ದರೆ ಒಂದೆರಡು ಕ್ಷಣ ಕಳೆದು ಕಣ್ಣು ಸುತ್ತುಸುತ್ತಾಗಿ ಕುಣಿದು ನಿಲ್ಲುತ್ತದೆ. ಈ ಹರಳುಗಳನ್ನು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಸ್ವಸ್ಥಾನಕ್ಕೆ ಸೇರಿಸಬಹುದೆಂದು ಅಮೆರಿಕದ ಜಾನ್ ಎಪ್ಲಿ ಹೇಳಿದಾಗ ಸಹೋದ್ಯೋಗಿಗಳು ನಕ್ಕರಂತೆ. ಆತನ ಲೇಖನ ೧೯೯೨ರಲ್ಲಿ ಅಚ್ಚಾಯಿತು. ಇಂದು ಲೋಕವೆಲ್ಲ ಅದನ್ನು ಅನುಸರಿಸುತ್ತದೆ. ವರ್ಷಗಟ್ಟಲೆ ಮಾತ್ರೆ ನುಂಗಿದವರೂ ಕೆಲವು ನಿಮಿಷಗಳಲ್ಲಿ ಗುಣವಾಗಿ ಎದ್ದುಹೋಗುವುದುಂಟು.

ಯಂತ್ರಗಳು ಬಂದ ಮೇಲೆ ಈ ಹಳೆಯ ವಿದ್ಯೆಯೇಕೆ ಎಂದು ನೀವು ಕೇಳಬಹುದು. ಯಂತ್ರಗಳು ಬೇಕು. ರೇಡಿಯೊಗೆ ಜೀವ ಕೊಟ್ಟ ವಾಲ್ವುಗಳೇ ೧೯೨೦ರ ದಶಕದಲ್ಲಿ ಶ್ರವಣಮಾಪಕವನ್ನೂ ಕೊಟ್ಟವು. ಕಿವಿ ಎಷ್ಟು ಕುಂದಿದೆಯೆಂದು ಅಳೆದು ಹೇಳಲು ಅಂಥ ಯಂತ್ರವೇ ಬೇಕು. ಮಾತು ಮತ್ತು ಶ್ರವಣದ ದೋಷಗಳಿಗಾಗಿಯೇ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೦ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಯಂತ್ರವೇ ಎಲ್ಲವೂ ಅಲ್ಲ. ೧೯೮೮ರಲ್ಲಿ ಸಿಡ್ನಿಯ ಹಲ್ಮಾಗಿ ಮತ್ತು ಕರ್ತೋಯ್ಸ್, ರೋಗಿಯ ತಲೆಯನ್ನು ತಟಕ್ಕನೆ ಸ್ವಲ್ಪ ತಿರುಗಿಸಿ ಕಣ್ಣು ಗುರಿ ತಪ್ಪುವುದೇ ಎಂದು ನೋಡುವ ಪರೀಕ್ಷೆಯನ್ನು ಹೇಳಿದರು. ೨೦೦೯ರಲ್ಲಿ ಅಮೆರಿಕದ ವೈದ್ಯರು ಇದರೊಂದಿಗೆ ಕಣ್ಣಿನ ಇನ್ನೆರಡು ಪರೀಕ್ಷೆಗಳನ್ನು ಸೇರಿಸಿ, ತಲೆತಿರುಗು ನಿಲ್ಲದೆ ಬಂದ, ಪಾರ್ಶ್ವವಾಯುವಿನ ಭಯವಿದ್ದ ೧೦೧ ರೋಗಿಗಳಲ್ಲಿ ನೋಡಿದರು. ಮೊದಲು ತೆಗೆದ ಎಂ.ಆರ್.ಐ. ಚಿತ್ರ ನೂರಕ್ಕೆ ಹನ್ನೆರಡರಷ್ಟು ಪಾರ್ಶ್ವವಾಯು ರೋಗಿಗಳಲ್ಲಿ ಏನನ್ನೂ ತೋರಿಸಲಿಲ್ಲ. ಹಾಸಿಗೆಯ ಬಳಿಯ ಮೂರು ಪರೀಕ್ಷೆಗಳು ಒಬ್ಬರನ್ನೂ ಬಿಡದೆ ಹಿಡಿದವು. ಇದರಲ್ಲೊಂದು ಸೋಜಿಗ: ತಲೆ ತಿರುಗಿಸಿದಾಗ ಕಣ್ಣು ಗುರಿ ತಪ್ಪಿದರೆ ದೋಷ ಸಾಮಾನ್ಯವಾಗಿ ಒಳಗಿವಿಯದು, ತಪ್ಪದೆ ಸರಿಯಾಗಿದ್ದರೆ ಮಿದುಳನ್ನು ಶಂಕಿಸಬೇಕು. ಆದ್ದರಿಂದಲೇ ಇದು ಪಳಗಿದ ಕೈಗಳ ಕೆಲಸ. ಮನೆಯಲ್ಲಿ ಮಾಡಿ ತೀರ್ಪು ಕೊಡುವಂಥದಲ್ಲ. ಮನೆಯವರು ಹಿರಿಯರ ಕುತ್ತಿಗೆ ತಿರುಗಿಸಲು ಹೋಗಬಾರದು.

ಮನೆಯವರು ಮಾಡಬೇಕಾದ ಕೆಲಸ ಬೇರೆಯಿದೆ. ತಲೆತಿರುಗಿನ ಜೊತೆಗೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ಆಸರೆಯಿಲ್ಲದೆ ನಿಲ್ಲಲೇ ಆಗದಿದ್ದರೆ, ನಿಂಬೆಹಣ್ಣಿನ ಪಾನಕ ಮಾಡುತ್ತ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೂ ನಾಳೆ ನೋಡೋಣವೆನ್ನದೆ ಕಿವಿವೈದ್ಯರನ್ನು ಕಾಣಿರಿ. ಅದರ ಚಿಕಿತ್ಸೆಗೆ ಮೊದಲ ದಿನಗಳೇ ಮುಖ್ಯ. ಉಳಿದಂತೆ, ತಿರುಗು ಯಾವಾಗ ಬಂತು, ಏನು ಮಾಡುವಾಗ ಬಂತು, ಎಷ್ಟು ಹೊತ್ತು ಇತ್ತು, ಕಿವಿಯಲ್ಲಿ ಸದ್ದಿತ್ತೆ—ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ನೀರು ಬೆಚ್ಚಗಿಲ್ಲವೆಂದ ಆ ರೋಗಿಯ ಹೆಸರು ನಮಗೆ ಉಳಿದುಬಂದಿಲ್ಲ. ಆದರೆ ಆತನ ಮಾತಿಗೆ ಒಬ್ಬ ವೈದ್ಯ ಕಿವಿಗೊಟ್ಟದ್ದರಿಂದ ಲೋಕಕ್ಕೆ ಒಂದು ಹೊಸ ವಿದ್ಯೆ ದಕ್ಕಿತು. ನಾಳೆ ಅಜ್ಜ “ಮಾತು ತಿಳಿಯುವುದಿಲ್ಲ” ಎಂದಾಗ ರೇಡಿಯೊದ ಗುಂಡಿ ತಿರುಗಿಸುವ ಮುನ್ನ, ನೀವೂ ಆತನ ಮಾತಿಗೆ ಒಂದು ಕ್ಷಣ ಕಿವಿಗೊಡಿ.